ಮಸುಕಾದರೂ ಅಳಿಯದ ದೇವರೂಪ

ಬಲಿಪೂಜೆಯಲ್ಲಿ ಕಾಣಿಕೆಗಳನ್ನು ಸಿದ್ಧಪಡಿಸುವಾಗ ಗುರುಗಳು ದ್ರಾಕ್ಷಾರಸಕ್ಕೆ ಒಂದೆರಡು ಹನಿ ನೀರು ಬೆರೆಸುವುದನ್ನು ನೀವೆಲ್ಲರೂ ನೋಡಿದ್ದೀರಿ. ಆ ಹೊತ್ತಿಗೆ ಅವರು ಮೆಲುದನಿಯಲ್ಲಿ ಹೇಳುವ ಪ್ರಾರ್ಥನೆ ಮಾತ್ರ ನಿಮ್ಮ ಕಿವಿಗೆ ಬೀಳುವುದಿಲ್ಲ. ಕಾಣಿಕೆ ಗೀತೆಯ ಸದ್ದಿನಲ್ಲಿ ಕೆಲವೊಮ್ಮೆ ನಮಗೇ ಕೇಳಿಸುವುದಿಲ್ಲವೆನ್ನಿ! ನಮ್ಮ ಮಾನವತ್ವದಲ್ಲಿ ಪಾಲುಗಾರರಾದ ಕ್ರಿಸ್ತರ ದೈವತ್ವದಲ್ಲಿ ನಾವೂ ಪಾಲುಗಾರರಾಗಲಿ ಎಂಬುದು ಅದರ ಸಾರ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರದ ಪೂಜಾವಿಧಿಯಲ್ಲಿ ಈ ಪ್ರಾರ್ಥನೆಯನ್ನು ಚಿಕ್ಕದಾಗಿಸಲಾಯಿತು. ಹಳೆಯ ರೂಪದಲ್ಲಿ ಇನ್ನೊಂದು ಮಾತಿತ್ತು: ದೇವರು ಮನುಷ್ಯನ ಘನತೆಯನ್ನು ಅದ್ಭುತವಾಗಿ ಸೃಷ್ಟಿಸಿದರು, ಅದಕ್ಕಿಂತಲೂ ಅದ್ಭುತವಾಗಿ ಪುನಃಸ್ಥಾಪಿಸಿದರು. ಕ್ರಿಸ್ತಜಯಂತಿಯ ಹಗಲಿನ ಪೂಜೆಯ ಆರಂಭ ಪ್ರಾರ್ಥನೆಯಲ್ಲಿ ಈ ಮಾತು ಇಂದಿಗೂ ಉಳಿದಿದೆ.

ಸೃಷ್ಟಿಗಿಂತ ದುರಸ್ತಿ ದೊಡ್ಡದೇ? ಮೊದಲ ಓದಿಗೆ ವಿಚಿತ್ರವೆನಿಸುತ್ತದೆ.

ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಮನುಷ್ಯರನ್ನು ತಮ್ಮ ರೂಪದಲ್ಲಿ, ತಮ್ಮ ಹೋಲಿಕೆಗೆ ಅನುಸಾರವಾಗಿ ಸೃಷ್ಟಿಸುತ್ತಾರೆ. ಮೂರನೆಯ ಅಧ್ಯಾಯದಲ್ಲಿ ಪತನ. ನಮ್ಮಲ್ಲಿ ಹಲವರು ಅಲ್ಲಿಗೇ ಆ ದೇವರೂಪ ಮುಗಿಯಿತೆಂದು ಭಾವಿಸುತ್ತಾರೆ. ಆದರೆ ಒಂಬತ್ತನೆಯ ಅಧ್ಯಾಯದ ಆರನೇ ವಚನವನ್ನು ತೆರೆದು ನೋಡಿ. ಜಲಪ್ರಳಯವೂ ಮುಗಿದ ಮೇಲೆ, ಮನುಷ್ಯನ ರಕ್ತ ಸುರಿಸಬಾರದೆಂದು ನೋಹನಿಗೆ ಹೇಳುವಾಗ ದೇವರು ಕೊಡುವ ಕಾರಣ ಅದೇ ರೂಪ. ಪಾಪ ಲೋಕದಲ್ಲೆಲ್ಲ ಹರಡಿದ ಮೇಲೂ ಅದು ಇದೆ. ಪಾಪದಿಂದ ಮಾನವ ಸ್ವಭಾವ ಗಾಯಗೊಂಡಿದೆ, ಪೂರ್ತಿ ಕೆಟ್ಟುಹೋಗಿಲ್ಲ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ (405) ಬೋಧಿಸುತ್ತದೆ.

ಇದನ್ನು ನಾಲ್ಕನೆಯ ಶತಮಾನದ ಅಲೆಕ್ಸಾಂಡ್ರಿಯದ ಬಿಷಪ್ ಸಂತ ಅಥನಾಸಿಯುಸರು ಒಂದು ಚಿತ್ರದ ಹೋಲಿಕೆಯಿಂದ ವಿವರಿಸುತ್ತಾರೆ. ಹಲಗೆಯ ಮೇಲೆ ಬರೆದ ವ್ಯಕ್ತಿಚಿತ್ರಕ್ಕೆ ಕಲೆ ಹತ್ತಿ ಮುಖ ಕಾಣದಂತಾಗಿದೆ. ಹಲಗೆಯನ್ನು ಯಾರೂ ಬಿಸಾಡುವುದಿಲ್ಲ. ಅದರಲ್ಲಿದ್ದದ್ದು ಯಾರ ಮುಖವೆಂದು ಮನೆಯವರಿಗೆ ಗೊತ್ತು. ಆ ವ್ಯಕ್ತಿಯೇ ಮತ್ತೆ ಬಂದು ಕುಳಿತರೆ ಅದೇ ಹಲಗೆಯ ಮೇಲೆ ಚಿತ್ರ ಮರಳಿ ಮೂಡುತ್ತದೆ. ತಂದೆಯ ಪ್ರತಿರೂಪರಾದ ಸುತರು ಹೀಗೆ ಸ್ವತಃ ನಮ್ಮ ನಡುವೆ ಬಂದರು ಎಂಬುದು ಸಂತರ ವಾದ. ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ ಕ್ರಿಸ್ತರನ್ನು ಅಗೋಚರ ದೇವರ ಪ್ರತಿರೂಪವೆಂದು ಕರೆದಿರುವುದನ್ನು ಇಲ್ಲಿ ನೆನೆಯಬಹುದು.

ಮಂಗಳೂರಿನವರಿಗೆ ಇದು ಬೇಗ ಅರ್ಥವಾಗಬೇಕು. ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ, ಛಾವಣಿಗಳಲ್ಲಿ ಇಟಲಿಯ ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೇನಿಯವರು 1900ರ ಆಸುಪಾಸಿನಲ್ಲಿ ಬರೆದ ಚಿತ್ರಗಳಿಗೆ 1990ರ ದಶಕದಲ್ಲಿ ಸಂರಕ್ಷಣಾ ಕಾರ್ಯ ನಡೆಯಿತು. ಚಿತ್ರ ಸಂರಕ್ಷಕರ ಕೆಲಸ ನಿಧಾನದ್ದು. ಹಳೆಯದರ ಮೇಲೆ ಹೊಸ ಬಣ್ಣ ಬಳಿಯುವುದು ಸುಲಭ, ಆದರೆ ಹಾಗೆ ಮಾಡಿದರೆ ಮೂಲ ಚಿತ್ರವೇ ಹೋಗುತ್ತದೆ. ಕೊಳೆಯನ್ನು ಇಷ್ಟಿಷ್ಟೇ ತೆಗೆಯುತ್ತಾ, ಕಳಚಿದ ಕಡೆ ಮಾತ್ರ ತುಂಬುತ್ತಾ ಹೋಗಬೇಕು. ದೀಕ್ಷಾಸ್ನಾನ ಪಡೆದ ನಾವು ಯಾಕೆ ಮತ್ತೆ ಮತ್ತೆ ಎಡವುತ್ತೇವೆ ಎಂದು ಕೇಳುವವರಿಗೂ ಇಲ್ಲಿ ಉತ್ತರವಿದೆ. ದೀಕ್ಷಾಸ್ನಾನವು ಪಾಪವನ್ನು ತೊಳೆಯುತ್ತದೆ, ಪಾಪದ ಕಡೆಗಿನ ಒಲವು ಉಳಿಯುತ್ತದೆ. ಪಾಪನಿವೇದನೆಗೆ ನಾವು ಪದೇ ಪದೇ ಹೋಗುವುದು ಇದರಿಂದಲೇ.

ಈ ಬೋಧನೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದು 2018ರ ಆಗಸ್ಟ್‌ನಲ್ಲಿ ಸ್ಪಷ್ಟವಾಯಿತು. ಪೋಪ್ ಫ್ರಾನ್ಸಿಸ್‌ರವರು ಧರ್ಮೋಪದೇಶ ಗ್ರಂಥದ 2267ನೆಯ ಕಲಮನ್ನು ತಿದ್ದಿ, ಮರಣದಂಡನೆ ಒಪ್ಪತಕ್ಕದ್ದಲ್ಲ ಎಂದು ಸೇರಿಸಿದರು. ಅತಿ ಘೋರ ಅಪರಾಧ ಎಸಗಿದವನೂ ತನ್ನ ಘನತೆಯನ್ನು ಕಳೆದುಕೊಳ್ಳುವುದಿಲ್ಲ ಎಂಬುದು ಅದಕ್ಕೆ ಆಧಾರ. ಅಪರಾಧ ಹಗುರವೆಂದಾಗಲಿ, ಶಿಕ್ಷೆ ಬೇಡವೆಂದಾಗಲಿ ಧರ್ಮಸಭೆ ಹೇಳುತ್ತಿಲ್ಲ. ಜಕ್ಕಾಯನು ಮೋಸದಿಂದ ಕಸಿದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದ. ಆದರೆ ಯೇಸು ಅವನ ಮನೆಗೆ ಬರುವೆನೆಂದದ್ದು ಆ ಮಾತಿಗೂ ಮೊದಲೇ ಎಂಬುದನ್ನು ಗಮನಿಸಿ.

ರೋಮಿನಲ್ಲಿ ಗ್ರಂಥ ತಿದ್ದುವುದು ಒಂದು, ನಮ್ಮ ವಾಳೆಯಲ್ಲಿ ಪಾಲಿಸುವುದು ಇನ್ನೊಂದು. ಹಲವು ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಧರ್ಮಕೇಂದ್ರವೊಂದರಲ್ಲಿ, ಜೈಲುವಾಸ ಮುಗಿಸಿ ಬಂದ ಒಬ್ಬರು ಮೊಂತಿ ಹಬ್ಬದಂದು ತೆನೆ ಹಂಚುವ ಸ್ವಯಂಸೇವಕರಲ್ಲಿ ತಮ್ಮನ್ನೂ ಸೇರಿಸಿಕೊಳ್ಳಿರೆಂದು ಕೇಳಿದರು. ಪಾಲನಾ ಮಂಡಳಿಯಲ್ಲಿ ದೊಡ್ಡ ಗದ್ದಲವೇ ಆಯಿತು. ಹಬ್ಬ ಸಮಾಧಾನವಾಗಿ ನಡೆಯಲಿ ಎಂದು ನಾವು ಅವರ ಹೆಸರು ಬಿಟ್ಟೆವು. ಆ ಭಾನುವಾರವೇ ಪ್ರವಚನದಲ್ಲಿ ಕಳೆದುಹೋದ ಕುರಿಯ ಬಗ್ಗೆಯೂ ಮಾತಾಡಿದೆವು. ಅವರು ಕೊನೆಯ ಬೆಂಚಿನಲ್ಲಿ ಕುಳಿತು ಕೇಳಿದರು. ನಾವು ಮಾಡಿದ್ದು ತಪ್ಪೆಂದು ಒಪ್ಪಲು ನಮಗೆ ಬಹಳ ದಿನ ಬೇಕಾಯಿತು.

ಮರುವರ್ಷ ವಾಳೆಯ ಗುರಿಕಾರರು ಯಾರನ್ನೂ ಕೇಳದೆ ಅವರ ಹೆಸರನ್ನು ಪಟ್ಟಿಗೆ ಸೇರಿಸಿದ್ದರು. ಎರಡು ಮನೆಯವರು ಅವರಿದ್ದ ಸಾಲು ಬಿಟ್ಟು ಬೇರೆ ಸಾಲಿಗೆ ಹೋಗಿ ನಿಂತರು. ಉಳಿದವರೆಲ್ಲ ಅವರ ಕೈಯಿಂದಲೇ ತೆನೆ ತೆಗೆದುಕೊಂಡು ಮನೆಗೆ ಹೋದರು.