ಬಿಲ್ಲು-ಬಾಣದಲ್ಲಿ ಹೊಡೆದರೆ ಕೇಸ್ ಆಗುವುದಿಲ್ಲವೇ? ಹಾಡಿಗೆ ಇಳಿಯುವ ಮುನ್ನ ಇದನ್ನು ಓದಿ

ಮರದ ಮೇಲೊಂದು ಅಟ್ಟಣಿಗೆ. ಅದರಲ್ಲಿ ಎಲೆಬಣ್ಣದ ಬಟ್ಟೆ ತೊಟ್ಟ ಮನುಷ್ಯ, ಕೈಯಲ್ಲಿ ಗಾಲಿ ಜೋಡಿಸಿದ ಆಧುನಿಕ ಬಿಲ್ಲು. ಕೆಳಗೆ ಜಿಂಕೆ ಬರುತ್ತದೆ, ಬಾಣ ಹೋಗುತ್ತದೆ, ಆತ ನಗುತ್ತಾ ಕೊಂಬು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾನೆ. ಅಮೆರಿಕದ ಇಂಥ ವಿಡಿಯೋಗಳು ನಮ್ಮ ಮೊಬೈಲ್‌ಗಳಿಗೂ ಬರುತ್ತವೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಭತ್ತದ ತೆನೆ ಬಲಿತು ಕಾಡುಹಂದಿಗಳು ಗದ್ದೆಗೆ ಇಳಿಯುವ ಹೊತ್ತಿನಲ್ಲಿ ಇವುಗಳ ಜೊತೆಗೆ ಒಂದು ಮಾತೂ ಸೇರಿಕೊಳ್ಳುತ್ತದೆ: "ಕೋವಿಗೆ ಮಾತ್ರ ಲೈಸೆನ್ಸ್ ಬೇಕು, ಬಿಲ್ಲಿಗೆ ಬೇಡ. ಬೆಳೆ ತಿನ್ನುವ ಪ್ರಾಣಿಯನ್ನು ಸೀಸನ್‌ನಲ್ಲಿ ಹೊಡೆಯಬಹುದು."

ಎರಡೂ ತಪ್ಪು. ಮೊದಲನೆಯದನ್ನು ನಂಬಿದರಂತೂ ಜೈಲಿಗೆ ಹೋಗಬೇಕಾದೀತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಾನು ಬಳಸುವ ಪದಗಳಿಗೆ 2ನೇ ಸೆಕ್ಷನ್‌ನಲ್ಲಿ ಅರ್ಥ ಹೇಳುತ್ತದೆ. ಅಲ್ಲಿ 'ಆಯುಧ' ಎಂದರೆ ಕೋವಿ, ಸ್ಫೋಟಕದ ಜೊತೆಗೆ ಬಿಲ್ಲು-ಬಾಣ, ಚಾಕು, ಬಲೆ, ವಿಷ, ಉರುಳು ಎಲ್ಲವೂ ಸೇರಿವೆ. ಬಿಲ್ಲು-ಬಾಣವನ್ನು ಹೆಸರು ಹಿಡಿದೇ ಬರೆಯಲಾಗಿದೆ. 'ಬೇಟೆ' ಎಂಬ ಪದದ ಅರ್ಥವೂ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಕೊಲ್ಲುವುದು ಮಾತ್ರವಲ್ಲ, ಗಾಯ ಮಾಡುವುದು, ಉರುಳು ಇಡುವುದು, ಸೋವುವುದು, ಆಮಿಷ ಇಡುವುದು, ಇವುಗಳಲ್ಲಿ ಯಾವುದಕ್ಕೆ ಪ್ರಯತ್ನಪಟ್ಟರೂ ಅದು ಬೇಟೆಯೇ. ಬಾಣ ಗುರಿ ತಪ್ಪಿತು, ಹಂದಿ ಓಡಿಹೋಯಿತು ಎಂದರೂ ತಪ್ಪಿಸಿಕೊಂಡದ್ದು ಹಂದಿ ಮಾತ್ರ. ಕ್ರೀಡೆಗಾಗಿ ಬಿಲ್ಲು ಇಟ್ಟುಕೊಳ್ಳುವುದು ಬೇರೆ ವಿಷಯ, ಅದನ್ನು ಹಿಡಿದು ರಾತ್ರಿ ಹೆಡ್‌ಲೈಟ್ ಕಟ್ಟಿಕೊಂಡು ಹಾಡಿಗೆ ಇಳಿಯುವುದು ಬೇರೆ.

ಹಾಗಾದರೆ ಅಮೆರಿಕದಲ್ಲಿ ಹೇಗೆ ನಡೆಯುತ್ತದೆ? ವಿಡಿಯೋದಲ್ಲಿರುವುದು ಬಿಳಿಬಾಲದ ಜಿಂಕೆ. ಇದು ಅಮೆರಿಕ ಖಂಡಗಳದ್ದೇ ಪ್ರಾಣಿ, ನಮ್ಮ ಕಾಡುಗಳಲ್ಲಿಲ್ಲ. ಮಿತಿಯಿಲ್ಲದ ಬೇಟೆಯಿಂದ 1900ರ ಸುಮಾರಿಗೆ ಅಲ್ಲಿ ಇವುಗಳ ಸಂಖ್ಯೆ ಐದು ಲಕ್ಷದ ಆಸುಪಾಸಿಗೆ ಕುಸಿದಿತ್ತು. ಆಮೇಲೆ ಬಿಗಿ ಕಾನೂನು ಬಂತು, ಕಾಡಿನ ಮಾಂಸ ಮಾರುವುದು ನಿಂತಿತು. ಅತ್ತ ತೋಳ, ಪ್ಯೂಮಾದಂಥ ಬೇಟೆಗಾರ ಪ್ರಾಣಿಗಳು ಬಹಳ ಕಡೆ ಇಲ್ಲವಾಗಿದ್ದವು. ಈಗ ಸುಮಾರು ಮೂರು ಕೋಟಿ ಬಿಳಿಬಾಲದ ಜಿಂಕೆಗಳಿವೆ ಎಂಬ ಅಂದಾಜಿದೆ. ಹಾಗಾಗಿ ಪ್ರತಿ ರಾಜ್ಯವೂ ಎಷ್ಟು ಹೊಡೆಯಬಹುದು, ಗಂಡೋ ಹೆಣ್ಣೋ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಲೆಕ್ಕ ಹಾಕಿ ಪರವಾನಗಿ ಕೊಡುತ್ತದೆ. ಬಿಲ್ಲಿನವರಿಗೆ ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ಅವಕಾಶ ಸಿಗುತ್ತದೆ, ಕೋವಿಯವರ ಸರದಿ ಆಮೇಲೆ. ನವೆಂಬರ್‌ನಲ್ಲಿ ಜಿಂಕೆಗಳಿಗೆ ಬೆದೆಯ ಕಾಲ. ಗಂಡುಗಳು ಎಚ್ಚರ ತಪ್ಪಿ ಓಡಾಡುವುದರಿಂದ ಆಗ ಬೇಟೆಗಾರರ ಉತ್ಸಾಹ ಹೆಚ್ಚು. 1937ರ ಒಂದು ಕಾನೂನಿನಂತೆ ಕೋವಿ ಮತ್ತು ಮದ್ದುಗುಂಡಿನ ಮೇಲಿನ ತೆರಿಗೆ ವನ್ಯಜೀವಿಗಳ ರಕ್ಷಣೆಗೆ ಹೋಗುತ್ತದೆ. ಬಿಲ್ಲು-ಬಾಣವನ್ನೂ ಮುಂದೆ ಅದಕ್ಕೆ ಸೇರಿಸಿದರು. ಮೂವತ್ತು ಸೆಕೆಂಡಿನ ವಿಡಿಯೋದಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಇನ್ನೊಂದು ವಿಷಯವೂ ಕಾಣುವುದಿಲ್ಲ. ಬಾಣ ಗುಂಡಿನಂತೆ ಕೆಲಸ ಮಾಡುವುದಿಲ್ಲ, ರಕ್ತ ಹರಿಸಿ ಕೊಲ್ಲುತ್ತದೆ. ಶ್ವಾಸಕೋಶಕ್ಕೋ ಹೃದಯಕ್ಕೋ ತಾಗದಿದ್ದರೆ ಪ್ರಾಣಿ ಗಂಟೆಗಟ್ಟಲೆ ನರಳುತ್ತಾ ಓಡುತ್ತದೆ. ಅಲ್ಲಿನ ಅನುಭವಿಗಳೇ ಬಾಣ ಬಿಟ್ಟ ಮೇಲೆ ಅರ್ಧ ಗಂಟೆಯಾದರೂ ಕಾದು, ಆಮೇಲೆ ರಕ್ತದ ಜಾಡು ಹಿಡಿಯುತ್ತಾರೆ. ನಮ್ಮ ಹಾಡಿಯ ಮುಳ್ಳುಪೊದೆಗಳಲ್ಲಿ ಗಾಯಗೊಂಡ ಕಾಡುಹಂದಿಯ ಹಿಂದೆ ಹೋಗುವುದೇನೆಂದು ಊರಿನ ಹಿರಿಯರನ್ನು ಕೇಳಿ ನೋಡಿ.

'ಸೀಸನ್' ಎಂಬ ಮಾತು ನಮ್ಮಲ್ಲೂ ಪೂರ್ತಿ ಹೊಸದೇನಲ್ಲ. ಬ್ರಹ್ಮಾವರದಿಂದ ದಕ್ಷಿಣಕ್ಕೆ ತುಳುವರ ಕೆಡ್ಡಸದ ದಿನಗಳಲ್ಲಿ ಬೇಟೆಗೆ ಹೋಗುವ ಪದ್ಧತಿ ಇತ್ತು. ಕೊಡಗಿನ ಕೈಲ್‌ಪೊಳ್ದ್ ಹಬ್ಬಕ್ಕೂ ಬೇಟೆಗೂ ನಂಟಿದೆ. 1972ರ ಕಾಯ್ದೆಯಲ್ಲೇ ಆರಂಭದಲ್ಲಿ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಕೊಡುವ, ಬೇಟೆ ನಿಷಿದ್ಧ ಕಾಲ ಘೋಷಿಸುವ ಸೆಕ್ಷನ್‌ಗಳಿದ್ದವು. 1991ರ ತಿದ್ದುಪಡಿ ಅವನ್ನೆಲ್ಲ ತೆಗೆದುಹಾಕಿತು. "ನಮ್ಮ ಅಜ್ಜನ ಕಾಲದಲ್ಲಿ ಹೋಗುತ್ತಿದ್ದರು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಕಾನೂನು ಈಗಿಲ್ಲ.

ಶಿಕ್ಷೆಯನ್ನೂ ತಿಳಿದಿರಿ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೊದಲ ಪರಿಚ್ಛೇದದ ಪ್ರಾಣಿಯಾದರೆ ಅಥವಾ ಅಭಯಾರಣ್ಯದೊಳಗೆ ಬೇಟೆಯಾಡಿದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಮೊಲದಷ್ಟೇ ದೊಡ್ಡದಿರುವ ಬರ್ಕ ಈ ಮೊದಲ ಪರಿಚ್ಛೇದದಲ್ಲಿದೆ. "ಸಣ್ಣದು, ಯಾರು ಕೇಳುತ್ತಾರೆ" ಎನ್ನುವ ಪ್ರಾಣಿಗೇ ದೊಡ್ಡ ಶಿಕ್ಷೆ! ಕೊಲ್ಲೂರು, ಜಡ್ಕಲ್, ಮುದೂರು ಕಡೆಯವರಿಗೆ ಮೂಕಾಂಬಿಕಾ ಅಭಯಾರಣ್ಯ, ಅಮಾಸೆಬೈಲು ಕಡೆಯವರಿಗೆ ಸೋಮೇಶ್ವರ ಅಭಯಾರಣ್ಯ ಹತ್ತಿರದಲ್ಲೇ ಇದೆ. ಕತ್ತಲಲ್ಲಿ ಗಡಿ ಗೊತ್ತಾಗಲಿಲ್ಲ ಎನ್ನುವುದು ಕೋರ್ಟಿನಲ್ಲಿ ಉತ್ತರವಾಗಲಾರದು. ಬಳಸಿದ ಬೈಕು, ಜೀಪು ಜಪ್ತಿಯಾಗುತ್ತವೆ. ಬಾಣ ಬಿಟ್ಟವನಷ್ಟೇ ಅಲ್ಲ, ಪಾಲು ಮಾಂಸ ಮನೆಗೆ ತಂದಿಟ್ಟವರೂ ಸಿಕ್ಕಿಬೀಳುತ್ತಾರೆ.

ಪ್ರಾಣಿ ಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಅದು ಅಪರಾಧವಲ್ಲ, ನಿಜ. ಆದರೆ ಆ ಹೊತ್ತಿನಲ್ಲಿ ನೀವೇ ಬೇಟೆಯಂಥ ಅಪರಾಧದಲ್ಲಿ ತೊಡಗಿದ್ದರೆ ಈ ರಕ್ಷಣೆ ಸಿಗುವುದಿಲ್ಲ.

ಈಗ ಗದ್ದೆಯ ವಿಷಯ. ಇಲ್ಲಿ ರೈತರ ಸಿಟ್ಟು ಸುಳ್ಳಲ್ಲ. ನಾಲ್ಕು ತಿಂಗಳ ದುಡಿಮೆ ಒಂದೇ ರಾತ್ರಿ ಕೆಸರಾಗುವುದನ್ನು ನೋಡಿದವರಿಗೆ ಕಾಯ್ದೆಯ ಪಾಠ ರುಚಿಸುವುದಿಲ್ಲ. ಕಾಯ್ದೆಯ 11ನೇ ಸೆಕ್ಷನ್ ಬೆಳೆಗೆ ಅಪಾಯಕಾರಿಯಾದ ಎರಡನೇ ಪರಿಚ್ಛೇದದ ಪ್ರಾಣಿಯ ಬೇಟೆಗೆ ಅನುಮತಿ ಕೊಡುವ ಅಧಿಕಾರವನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೂ ಅವರು ಅಧಿಕಾರ ಕೊಟ್ಟವರಿಗೂ ನೀಡಿದೆ. ಕಾಡುಹಂದಿ ಈ ಪಟ್ಟಿಯಲ್ಲೇ ಬರುತ್ತದೆ. ಆದರೆ ಲಿಖಿತ ಆದೇಶ ಬೇಕು, ಫಾರ್ವರ್ಡ್ ಸಾಲದು. ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರಂಥವರು ಕಾಡುಹಂದಿ ಕೊಲ್ಲಲು ಆದೇಶ ಕೊಡಬಹುದು. ಆ ಸುದ್ದಿಯನ್ನೇ ಕನ್ನಡಕ್ಕೆ ತಂದು ನಮ್ಮೂರಿನದೆಂಬಂತೆ ಹಂಚಿದರೆ ದಾರಿ ತಪ್ಪುವವರು ನಮ್ಮವರೇ. ಅಲ್ಲೂ ವಿಷ, ಸ್ಫೋಟಕ, ಕರೆಂಟ್ ಬಳಸುವಂತಿಲ್ಲ.

ಬೆಳೆ ಹಾನಿಯಾದರೆ ತಡಮಾಡದೆ ಫೋಟೋ ತೆಗೆದು ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ಪಹಣಿ ಸಮೇತ ಅರ್ಜಿ ಕೊಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಪರಿಹಾರ ನಷ್ಟದಷ್ಟು ಇರುವುದಿಲ್ಲ, ಓಡಾಟವೂ ತಪ್ಪುವುದಿಲ್ಲ ಎಂಬ ದೂರು ನ್ಯಾಯವಾದದ್ದೇ. ಆದರೆ ಅರ್ಜಿಯೇ ಇಲ್ಲದಿದ್ದರೆ ಹಂದಿ ಕಾಟ ದಾಖಲೆಯಲ್ಲೂ ಇರುವುದಿಲ್ಲ. ಬೇಲಿಗೆ ಉರುಳು ಕಟ್ಟುವುದಂತೂ ಬೇಡವೇ ಬೇಡ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಬೀಳುತ್ತದೆ, ನಮ್ಮದೇ ನಾಯಿ, ದನವೂ ಬೀಳುತ್ತದೆ.

ಕಾಡಿಗೆ ಹೋಗುವವರು ಮರೆಯುವ ಇನ್ನೊಂದು ಅಪಾಯ ಉಣುಗು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಘಟ್ಟದ ಮೇಲಿನ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೋಂಕಿನ ಉಣುಗು ಕಚ್ಚಿದರೆ ಅದು ಹರಡುತ್ತದೆ, ನವೆಂಬರ್‌ನಿಂದ ಮೇವರೆಗೆ ಕಾಟ ಹೆಚ್ಚು. ಹಳೆಯ ಲಸಿಕೆ ಈಗ ಬಳಕೆಯಲ್ಲಿಲ್ಲ. ಸೊಪ್ಪು, ಸೌದೆಗೆ ಹೋಗಿ ಬಂದವರಿಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಕಂಡರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು. ಕಳ್ಳಬೇಟೆಗೆ ಹೋದವನು ಇದನ್ನೇ ಮುಚ್ಚಿಡುತ್ತಾನೆ.

ಕೊನೆಗೆ, ಬಹಳ ಜನ ಕೇಳುವ ಪ್ರಶ್ನೆ: ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಹಂದಿಯನ್ನೋ ಕಡವೆಯನ್ನೋ ಮನೆಗೆ ಒಯ್ಯಬಹುದೇ? ಇಲ್ಲ. ಸತ್ತು ಬಿದ್ದದ್ದೂ ಸರ್ಕಾರದ ಸ್ವತ್ತು. ಅದು ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅರಣ್ಯಾಧಿಕಾರಿಗೋ ತಿಳಿಸಬೇಕು.