ಪಾವಿನ ಲೆಕ್ಕ, ತಕ್ಕಡಿಯ ಲೆಕ್ಕ

ನಮ್ಮ ಮನೆಯಲ್ಲಿ ಒಂದು ಹಳೆಯ ಹಿತ್ತಾಳೆಯ ಪಾವು ಇದೆ. ನಮ್ಮ ತಾಯಿಯವರು ಅನ್ನದ ಅಕ್ಕಿಯಿಂದ ಹಿಡಿದು ಉಪ್ಪಿನಕಾಯಿಯ ಉಪ್ಪಿನವರೆಗೆ ಎಲ್ಲವನ್ನೂ ಅದರಲ್ಲೇ ಅಳೆಯುತ್ತಿದ್ದರು. ಅವರ ಕಾಲದ ನಂತರ ನಮ್ಮ ಸೊಸೆ ಅದೇ ಪಾವು ಹಿಡಿದು, ಅದೇ ಲೆಕ್ಕದಲ್ಲಿ, ಎರಡು ಪಾವು ಉಪ್ಪು ಹಾಕಿ ಮಾವಿನಕಾಯಿ ಉಪ್ಪಿನಕಾಯಿ ಮಾಡಿದಳು. ಬಾಯಿಗಿಡಲಾಗದಷ್ಟು ಉಪ್ಪಾಯಿತು. ಮರುವರ್ಷ ಅಂದಾಜಿನ ಮೇಲೆ ಉಪ್ಪು ಕಡಿಮೆ ಮಾಡಿದಳು. ಆಷಾಢ ಕಳೆಯುವ ಮೊದಲೇ ಬೂಷ್ಟು ಹಿಡಿದು ಇಡೀ ಜಾಡಿಯನ್ನು ತಿಪ್ಪೆಗೆ ಸುರಿಯಬೇಕಾಯಿತು. ತನ್ನ ಕೈಗುಣವೇ ಸರಿಯಿಲ್ಲವೆಂದು ಆಕೆ ಕಣ್ಣೀರು ಹಾಕಿದಳು.

ಆಕೆಯ ಕೈಗುಣ ಚೆನ್ನಾಗಿಯೇ ಇತ್ತು. ತಪ್ಪಿದ್ದು ಲೆಕ್ಕ. ತಾಯಿಯವರು ಬಳಸುತ್ತಿದ್ದುದು ಕಲ್ಲುಪ್ಪು, ಸೊಸೆ ಬಳಸಿದ್ದು ಪೊಟ್ಟಣದ ಪುಡಿ ಉಪ್ಪು. ಕಲ್ಲುಪ್ಪಿನ ಹರಳುಗಳ ನಡುವೆ ಗಾಳಿ ಇರುತ್ತದೆ. ಪುಡಿ ಉಪ್ಪು ಒತ್ತಾಗಿ ಕೂರುತ್ತದೆ. ಆದ್ದರಿಂದ ಅಳತೆ ಒಂದೇ ಆದರೂ ತೂಕ ಒಂದೇ ಅಲ್ಲ. ತೂಗಿ ನೋಡಿದೆವು. ನಮ್ಮ ಪಾವಿನಲ್ಲಿ ಕಲ್ಲುಪ್ಪು 225 ಗ್ರಾಂ, ಪುಡಿ ಉಪ್ಪು 280 ಗ್ರಾಂ. ಎರಡು ಪಾವಿಗೆ 110 ಗ್ರಾಂ ಉಪ್ಪು ಹೆಚ್ಚಾಗಿ ಬಿದ್ದಿತ್ತು.

ಸೇರು, ಪಾವು ಎಂಬ ಹೆಸರುಗಳೂ ನಮ್ಮನ್ನು ದಾರಿ ತಪ್ಪಿಸುತ್ತವೆ. ಹಿಂದೆ ತೂಗುವ ಸೇರು ಬೇರೆ, ಅಳೆಯುವ ಸೇರು ಬೇರೆ ಇದ್ದವು. ತೂಕದ ಸೇರಿಗೆ 80 ತೊಲ. ತೊಲಕ್ಕೆ ಸುಮಾರು 11.66 ಗ್ರಾಂ. ಅಂದರೆ ಸೇರಿಗೆ 933 ಗ್ರಾಂ. ಅಳತೆಯ ಸೇರಾದರೋ ಸೀಮೆಗೊಂದು ಬಗೆ. ಭಾಷಾವಾರು ರಾಜ್ಯಗಳು ಏರ್ಪಟ್ಟು ನಾವು ಗಡಿಯಾಚೆಯವರಾದದ್ದು 1956ರಲ್ಲಿ. ಮೆಟ್ರಿಕ್ ತೂಕ-ಅಳತೆಗಳ ಕಾನೂನು ಬಂದದ್ದೂ ಅದೇ ವರ್ಷ. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಂ ಜಾರಿಗೆ ಬಂತು. ಸೇರು ಅಂಗಡಿಯಿಂದ ಹೋಯಿತು, ಆದರೆ ಅಡುಗೆಮನೆಯಲ್ಲಿ ಉಳಿಯಿತು.

ಗಡಿನಾಡಿನ ನಮಗೆ ಇನ್ನೊಂದು ತೊಡಕು. ಕಾಸರಗೋಡಿನ ಮನೆಯಲ್ಲಿ ಕುಡ್ತೆ, ಮಲಯಾಳದ ನೆರೆಮನೆಯಲ್ಲಿ ನಾಳಿ. ತಾಳವಾಡಿಯ ಕಡೆ ಪಡಿ. ಮಡಕಶಿರಾದ ತೆಲುಗು ಮನೆಯಲ್ಲಿ ಸೋಲ, ಮಾನಿಕ. ಅಕ್ಕಲಕೋಟೆಯಲ್ಲಿ ಶೇರು, ಪಾಯಲಿ. ಒಂದು ಊರಿನ ಹೆಣ್ಣು ಇನ್ನೊಂದು ಊರಿಗೆ ಸೊಸೆಯಾಗಿ ಹೋದರೆ ತವರಿನ ಅಡುಗೆ ಬಾಯಲ್ಲಿ ಜೊತೆಗೆ ಹೋಗುತ್ತದೆ, ಪಾವು ತವರಿನಲ್ಲೇ ಉಳಿಯುತ್ತದೆ. ಗ್ರಾಂ ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ.

ಹಾಗಾದರೆ ಏನು ಮಾಡಬೇಕು? ನಿಮ್ಮ ಮನೆಯ ಪಾವನ್ನೋ ಲೋಟವನ್ನೋ ಖಾಲಿಯಾಗಿ ಒಮ್ಮೆ ತೂಗಿ. ಕಂಠಮಟ್ಟ ನೀರು ತುಂಬಿ ಮತ್ತೆ ತೂಗಿ. ಖಾಲಿ ತೂಕವನ್ನು ಕಳೆಯಿರಿ. ನೀರಿನ ತೂಕ ಎಷ್ಟು ಗ್ರಾಮೋ ಪಾತ್ರೆ ಹಿಡಿಸುವುದು ಅಷ್ಟೇ ಮಿಲಿಲೀಟರ್. ನಮ್ಮ ಪಾವು 230 ಮಿಲಿಲೀಟರ್ ಎಂದು ಹೀಗೆಯೇ ತಿಳಿಯಿತು. ಆಮೇಲೆ ಪಾತ್ರೆಯನ್ನು ಒರೆಸಿ ಒಣಗಿಸಿ, ಒಂದೊಂದೇ ಸಾಮಾನು ತುಂಬಿ, ತಲೆ ಸವರಿ, ತೂಗುತ್ತಾ ಹೋಗಿ. ರಾಶಿ ತುಂಬಿದರೆ ಲೆಕ್ಕ ಕೆಡುತ್ತದೆ. ಹಿಟ್ಟನ್ನು ಕುಟ್ಟಿ ತುಂಬಬೇಡಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಪರಿಚಯದ ಅಂಗಡಿಯವರನ್ನು ಕೇಳಿ, ಅರ್ಧ ಗಂಟೆಯ ಕೆಲಸ.

ಅಂದಾಜಿಗೆ ಬೇಕೆಂದರೆ 200 ಮಿಲಿಲೀಟರ್ ಹಿಡಿಸುವ ಲೋಟದ ಲೆಕ್ಕ ಹೇಳುತ್ತೇನೆ, ಕಾಗದ ಪೆನ್ಸಿಲು ಹಿಡಿದುಕೊಳ್ಳಿ. ನೀರು 200 ಗ್ರಾಂ. ಹಾಲು 206. ಎಣ್ಣೆ ಸುಮಾರು 183. ಅಕ್ಕಿ ಸುಮಾರು 165. ಸಕ್ಕರೆ 170. ಗೋಧಿ ಹಿಟ್ಟು 105ರಿಂದ 110. ಪುಡಿ ಉಪ್ಪು 240. ಜೇನುತುಪ್ಪ 280. ಅಕ್ಕಿಯ ತಳಿ, ಹಿಟ್ಟಿನ ನುಣುಪು ಬದಲಾದರೆ ಸ್ವಲ್ಪ ಆಚೀಚೆ ಆಗುತ್ತದೆ. ಆದ್ದರಿಂದಲೇ ನಿಮ್ಮ ಮನೆಯ ಲೆಕ್ಕ ನೀವೇ ತೂಗಿದ್ದಾಗಿರಲಿ.

ಇದು ದುಡ್ಡಿನ ಮಾತೂ ಹೌದು. ಮದುವೆಗೆ ಎಣ್ಣೆಯ ಡಬ್ಬ ತರುವಾಗ 15 ಲೀಟರೋ 15 ಕಿಲೋವೋ ಓದಿ ನೋಡಿ. ಲೀಟರ್ ಎಣ್ಣೆ ಕಿಲೋ ತೂಗುವುದಿಲ್ಲ, ಸುಮಾರು 910 ಗ್ರಾಂ ತೂಗುತ್ತದೆ. 15 ಲೀಟರ್ ಡಬ್ಬದಲ್ಲಿ ಸುಮಾರು 13 ಕಿಲೋ 650 ಗ್ರಾಂ ಎಣ್ಣೆ ಇರುತ್ತದೆ. 15 ಕಿಲೋ ಡಬ್ಬದಲ್ಲಿ ಹದಿನಾರೂವರೆ ಲೀಟರಿನಷ್ಟು ಇರುತ್ತದೆ. ಬೆಲೆ ಹೋಲಿಸುವಾಗ ಎರಡನ್ನೂ ಒಂದೇ ಲೆಕ್ಕಕ್ಕೆ ತನ್ನಿ.

ಮೂರನೆಯ ವರ್ಷ ಸೊಸೆ ಪಾವನ್ನು ಪಕ್ಕಕ್ಕಿಟ್ಟು 450 ಗ್ರಾಂ ಪುಡಿ ಉಪ್ಪು ತೂಗಿ ಹಾಕಿದಳು. ಆ ಜಾಡಿ ಮುಂದಿನ ಮಾವಿನಕಾಯಿ ಬರುವವರೆಗೂ ಬಾಳಿತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಬರೆದಿಡದ ಲೆಕ್ಕ ಒಂದು ದಿನ ತಪ್ಪಿಯೇ ತಪ್ಪುತ್ತದೆಂದು ಬಲ್ಲೆ. ನಿಮ್ಮ ಮನೆಯಲ್ಲಿ ಅಳತೆ ಬಲ್ಲ ಹಿರಿಯರು ಇನ್ನೂ ಇದ್ದರೆ, ಈ ವಾರವೇ ಅವರ ಕೈಯಲ್ಲೇ ಪಾವು ತುಂಬಿಸಿ. ತೂಗಿ, ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಉಪ್ಪು ಕಲ್ಲೋ ಪುಡಿಯೋ ಎಂಬುದನ್ನೂ ಮರೆಯದೆ ಬರೆಯಿರಿ.