ಮೊದಲು ಬಿಚ್ಚಬೇಕಾದ ತಂತಿ ಯಾವುದು?

ಮಾರಿಸ್ ಮೈನರ್ ಕಾರಿನ ಬಾನೆಟ್ ಎತ್ತಿದರೆ, ಎಂಜಿನ್ನಿನ ಹಿಂದಿನ ತಟ್ಟೆಯಲ್ಲಿ ಬ್ಯಾಟರಿ ಕೂತಿರುತ್ತದೆ. ಇಂದಿನ ಕಾರುಗಳಲ್ಲಿ ಪಳಗಿದ ಕೈ ಸ್ಪ್ಯಾನರ್ ಹಿಡಿದು ನೇರ ಮೈನಸ್ ಕಡೆಗೆ ಹೋಗುತ್ತದೆ. ಇಲ್ಲಿ ಅದೇ ಅಪಾಯ. ಅಲೆಕ್ ಇಸಿಗೋನಿಸ್ ರೂಪಿಸಿದ, 1948ರಿಂದ 1971ರವರೆಗೆ ಸುಮಾರು 16 ಲಕ್ಷ ತಯಾರಾದ, ಭಾರತದಲ್ಲಿ ‘ಬೇಬಿ ಹಿಂದೂಸ್ಥಾನ್’ ಹೆಸರಿನಲ್ಲೂ ಓಡಿದ ಈ ಕಾರಿನಲ್ಲಿ ಲೋಹದ ಬಾಡಿಗೆ ಜೋಡಿಸಿರುವುದು, ಅಂದರೆ ಅರ್ಥಿಂಗ್ ಮಾಡಿರುವುದು, ಪ್ಲಸ್ ತಂತಿ.

ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಇದೇ ಸಾಮಾನ್ಯವಾಗಿತ್ತು. ಅಂಥದ್ದೇ ಇನ್ನೊಂದು ಕಾರು ಎಂಜಿಬಿ 1967ರಲ್ಲಿ ಡೈನಮೊ ಬಿಟ್ಟು ಆಲ್ಟರ್ನೇಟರ್‌ಗೆ ಹೋದಾಗ ಮೈನಸ್ ಅರ್ಥಿಂಗ್‌ಗೆ ಬದಲಾಯಿತು. ಆದ್ದರಿಂದ ಹಳೆಯ ಕಾರಿನ ಮಟ್ಟಿಗೆ ‘ಮೊದಲು ಮೈನಸ್’ ಎಂಬ ಮಾತು ನೆಚ್ಚತಕ್ಕದ್ದಲ್ಲ. ಬಾಡಿಗೆ ಹೋಗುವ ತಂತಿ ಯಾವುದೋ ಅದನ್ನೇ ಮೊದಲು ಬಿಚ್ಚಬೇಕು. ತಂತಿಯ ಬಣ್ಣವನ್ನೂ ನಂಬುವಂತಿಲ್ಲ. ಐವತ್ತು ವರ್ಷಗಳಲ್ಲಿ ಯಾರು ಯಾವ ತಂತಿ ಹಾಕಿದ್ದಾರೋ! ಅದರ ತುದಿಯವರೆಗೆ ಕಣ್ಣಾಡಿಸಿ ನೋಡುವುದೇ ಸರಿ.

ಕಾರಣ ಸರಳ. ಅರ್ಥಿಂಗ್ ನಟ್ಟು ಸಡಿಲಿಸುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಏನೂ ಆಗದು, ಎರಡೂ ಆಗಲೇ ಒಂದಕ್ಕೊಂದು ಸೇರಿಕೊಂಡಿವೆ. ಇನ್ನೊಂದು ಕಡೆಯಿಂದ ಶುರು ಮಾಡಿದಾಗ ತಗುಲಿದರೆ ಬ್ಯಾಟರಿ ನೇರ ಶಾರ್ಟ್ ಆಗುತ್ತದೆ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಸ್ಪ್ಯಾನರ್ ಮೂಲಕ ನೂರಾರು ಆಂಪಿಯರ್ ಹರಿದರೆ ಕಬ್ಬಿಣ ಕಾದು ಕೆಂಪಾಗುತ್ತದೆ. ಬೆರಳಲ್ಲಿ ಉಂಗುರವಿದ್ದರೆ ಗತಿಯೇನು? ಅದನ್ನು ಮೊದಲೇ ತೆಗೆದಿಡಬೇಕು.

ಕಿಡಿಯ ಭಯ ಇನ್ನೂ ದೊಡ್ಡದು. ಚಾರ್ಜ್ ಆಗುವಾಗ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ 4ರಷ್ಟಿದ್ದರೂ ಹೊತ್ತಿಕೊಳ್ಳಬಲ್ಲದು. ಡಬ್ಬಿ ಸಿಡಿದರೆ ಗಂಧಕಾಮ್ಲ ಮುಖಕ್ಕೇ ಎರಚುತ್ತದೆ. ಹಾಗಾಗಿ ದೀಪ, ಇಗ್ನಿಷನ್ ಎಲ್ಲ ಆರಿಸಿ, ಬಾನೆಟ್ ತೆರೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಕನ್ನಡಕ ಧರಿಸಿ ಕೆಲಸಕ್ಕಿಳಿಯುವುದು ಒಳ್ಳೆಯದು.

ಕೆಲವು ಹಳೆಯ ಲೂಕಾಸ್ ಟರ್ಮಿನಲ್‌ಗಳು ಟೊಪ್ಪಿಯಂತಿದ್ದು, ನೆತ್ತಿಯ ಸ್ಕ್ರೂ ಸೀಸದ ಕಂಬಕ್ಕೆ ಇಳಿದಿರುತ್ತದೆ. ಸ್ಕ್ರೂ ತೆಗೆದ ಮೇಲೂ ಟೊಪ್ಪಿ ಅಲುಗದಿದ್ದರೆ ಸ್ಕ್ರೂಡ್ರೈವರ್‌ನಿಂದ ಮೀಟಬಾರದು, ಕಂಬವೇ ಕಿತ್ತು ಬಂದೀತು. ಪುಲ್ಲರ್ ಬಳಸಬೇಕು. ಬಿಳಿ-ಹಸಿರು ಕಿಲುಬನ್ನು ಅಡುಗೆ ಸೋಡ ಕಲಸಿದ ನೀರು ಕರಗಿಸುತ್ತದೆ. ಆ ನೀರು ಬ್ಯಾಟರಿಯ ಒಳಗೆ ಮಾತ್ರ ಹೋಗಬಾರದು.

ಮತ್ತೆ ಜೋಡಿಸುವಾಗ ಅರ್ಥಿಂಗ್ ಕೊನೆಗೆ. ಪ್ಲಸ್-ಮೈನಸ್ ಅದಲುಬದಲಾದರೆ ತಕ್ಷಣ ಗೊತ್ತಾಗುವುದಿಲ್ಲ. ಈ ಕಾರುಗಳ ಸೆಲ್ಫ್ ಮೋಟಾರ್ ಹೇಗೆ ಕೊಟ್ಟರೂ ಒಂದೇ ದಿಕ್ಕಿಗೆ ತಿರುಗುತ್ತದೆ, ಎಂಜಿನ್ ಎಂದಿನಂತೆಯೇ ಚಾಲೂ ಆಗಬಹುದು. ಆ ಹೊತ್ತಿಗೆ ಟ್ರಾನ್ಸಿಸ್ಟರ್ ರೇಡಿಯೊ ಸುಟ್ಟಿರುತ್ತದೆ.